ಅವನು ಇಳಿದದ್ದು ಯಾಕೆ

ಬೆಳಗಿನ ಎರಡನೇ ಸುತ್ತಿಗೆ ಜೀಪು ತಂದು ಅಭಯಾರಣ್ಯದ ಗೇಟಿನ ಮುಂದೆ ನಿಲ್ಲಿಸಿದಾಗ, ಟಿಕೆಟ್ ಹಿಡಿದು ನಿಂತವರ ಸಾಲಿನ ಕೊನೆಯಲ್ಲಿ ಅಕ್ಕ ಕಂಡಳು. ಡ್ರೈವರು ತಟ್ಟನೆ ಮುಖ ಆಚೆ ತಿರುಗಿಸಿದ. ಅವಳೇನು ಅವನ ಒಡಹುಟ್ಟಿದವಳಲ್ಲ, ಮೇಷ್ಟ್ರ ಅಕ್ಕ. ಆದರೆ ಗೇಟಿನಲ್ಲಿ ಕೆಲಸ ಮಾಡುವವರಿಗೆಲ್ಲ ಅವಳು ಅಕ್ಕನೇ. ಡ್ರೈವರು, ಗೈಡು, ಕಾವಲುಗಾರರ ಖಾಕಿ ಅಂಗಿಗಳನ್ನೆಲ್ಲ ಹೊಲಿಯುವವಳು ಅವಳು. ಇಪ್ಪತ್ತು ವರ್ಷ ಕಾಡಿನ ಬಾಗಿಲಲ್ಲೇ ಹೊಲಿಗೆ ಮಿಷನ್ ತುಳಿದಿದ್ದರೂ ಒಳಗೆ ಒಂದು ದಿನ ಕಾಲಿಟ್ಟವಳಲ್ಲ. ದೂರದವರು ಮಾರುದ್ದದ ಲೆನ್ಸು ಹೊತ್ತುಕೊಂಡು ಕಾಡು ನೋಡಲು ಬರುತ್ತಾರೆ. ಹತ್ತಿರದವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಇವತ್ತು ಅವಳು ಯಾರ ಮುಲಾಜಿಗೂ ಹೋಗದೆ ಎಲ್ಲರಂತೆ ಟಿಕೆಟ್ ಕೊಂಡು ನಿಂತಿದ್ದಳು.

"ಮುಂದೆ ಕೂತ್ಕೊಳ್ಲಾ?" ಅಂದಳು. ಬೇಡ ಅನ್ನಲಾಗದೆ ಅವನು ಪಕ್ಕದ ಸೀಟು ಒರೆಸಿಕೊಟ್ಟ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಗೈಡು. ಪ್ರತಿ ಸುತ್ತಿಗೂ ಮುಂಚೆ ಜೀಪಿನ ಕಂಬಿ ಹಿಡಿದು ನಿಂತು ಪ್ರವಾಸಿಗರಿಗೆ ಪಾಠ ಮಾಡುತ್ತಿದ್ದುದರಿಂದ ಬಂದ ಹೆಸರು. ಕೂಗಬೇಡಿ, ಏನೂ ಎಸೆಯಬೇಡಿ, ಆಕಾಶವೇ ಕಳಚಿ ಬಿದ್ದರೂ ಗಾಡಿಯಿಂದ ಇಳಿಯಬೇಡಿ. ಹೇಳಿ ಸುಮ್ಮನಾಗುವ ಪೈಕಿಯೂ ಅಲ್ಲ. ಯಾರಾದರೊಬ್ಬರನ್ನು ಎಬ್ಬಿಸಿ ಮೂರನ್ನೂ ಒಪ್ಪಿಸಿಕೊಳ್ಳುತ್ತಿದ್ದ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರ ಟೋಪಿ ಗಾಳಿಗೆ ಹಾರಿ ಎರಡು ಮಾರು ದೂರ ಬಿತ್ತು. ಅವರು ಎಷ್ಟು ಗದರಿದರೂ ಇವನು ಇಳಿಯಲಿಲ್ಲ, ಅವರನ್ನೂ ಇಳಿಯಬಿಡಲಿಲ್ಲ. ಟೋಪಿ ಕೋತಿಯ ಪಾಲಾಯಿತು.

ಅಂಥವನು ಐದು ತಿಂಗಳ ಹಿಂದೆ ನಡುಕಾಡಿನಲ್ಲಿ ಇದೇ ಡ್ರೈವರನ ಗಾಡಿಯಿಂದ ಇಳಿದು, ಆನೆಯ ಕಾಲಿಗೆ ಸಿಕ್ಕಿ ಸತ್ತ. 'ನಿಯಮ ಮೀರಿ, ಸ್ವಇಚ್ಛೆಯಿಂದ ವಾಹನದಿಂದ ಇಳಿದ ಕಾರಣ' ಎಂದಿತು ಕಚೇರಿಯ ವರದಿ. ಜನ ಅದಕ್ಕೆ ಉಪ್ಪುಖಾರ ಹಚ್ಚಿದರು. ಕುಡಿದಿದ್ದನಂತೆ, ಹುಡುಗಿಯರ ಮುಂದೆ ಶೂರತನ ತೋರಿಸಲು ಹೋದನಂತೆ. ಎಲುಬಿಲ್ಲದ ನಾಲಿಗೆಗಳು, ಏನು ಬೇಕಾದರೂ ಆಡುತ್ತವೆ.

ಗೇಟು ದಾಟಿ ಜೀಪು ಮೈಲಿ ದೂರ ಬಂದಿತ್ತು. ಹಿಂದೆ ಐವರು ಪ್ರವಾಸಿಗರು, ಒಬ್ಬ ಹೊಸ ಗೈಡು. ಮೊದಲ ಜಿಂಕೆ ಕಂಡಾಗ ಪ್ರವಾಸಿಗರು ಎದ್ದು ನಿಂತು ಕುಣಿದಾಡಿದರು. ಹತ್ತನೆಯದು ಕಾಣುವ ಹೊತ್ತಿಗೆ 'ಬರೀ ಜಿಂಕೆನೇನಾ' ಎಂದು ಮೂಗು ಮುರಿದರು.

"ಅವನು ಸತ್ತ ಜಾಗ ತೋರಿಸಪ್ಪ," ಕೊನೆಗೆ ಅಕ್ಕ ಅಂದಳು. "ಅವನು ಯಾಕೆ ಇಳಿದ ಅನ್ನೋದೊಂದು ಗೊತ್ತಾದ್ರೆ ಸಾಕು. ನಂಗೆ ಇನ್ನೇನೂ ಬೇಡ."

"ಅವತ್ತೇ ಹೇಳಿದ್ನಲ್ಲಕ್ಕ. ನಾನು ಮುಂದೆ ನೋಡ್ತಿದ್ದೆ. ಯಾಕೆ ಇಳಿದ್ನೋ ನಂಗೂ ಗೊತ್ತಾಗ್ಲಿಲ್ಲ."

"ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಸಾಕಿದ್ದು ನಾನು. ಬಾವಿ ಹತ್ರ ಹೋಗ್ಬೇಡ ಅಂತ ಒಂದ್ಸಲ ಹೇಳಿದ್ದಕ್ಕೆ, ಮೀಸೆ ಬಂದ್ಮೇಲೂ ದೂರದಿಂದ್ಲೇ ಇಣುಕ್ತಿದ್ದ. ನಾನಿನ್ನೂ ಅತ್ತಿಲ್ಲ ಕಣಪ್ಪ. ಅಷ್ಟು ಕೋಪ ಅವನ ಮೇಲೆ. ಫೋಟೋನ ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದೀನಿ. ಬೆಳಗ್ಗೆ ಎದ್ದ ತಕ್ಷಣ ಬೈತೀನಿ, ಮುಂಡೇದೇ, ಯಾಕೋ ಇಳಿದೆ ಅಂತ."

ಡ್ರೈವರು ಇನ್ಯಾವುದೋ ಜಾಗ ತೋರಿಸಿ ಕೈ ತೊಳೆದುಕೊಳ್ಳೋಣ ಅಂದುಕೊಂಡ. ಆದರೆ ಹೊಸ ಗೈಡಿಗೆ ಜಾಗ ಗೊತ್ತಿತ್ತು, ಹೇಗಿದ್ದರೂ ದಾರಿ ಅಲ್ಲಿಂದಲೇ ಹೋಗುತ್ತಿತ್ತು. ಕೆರೆಗೆ ಇಳಿಯುವ ಇಳಿಜಾರಿನ ತಲೆಯ ಮೇಲೆ ಗಾಡಿ ನಿಲ್ಲಿಸಿ, "ಇಲ್ಲೇ" ಅಂದ. ನೋಡಲು ಏನಿತ್ತು? ಚಕ್ರದ ಗುರುತು, ಒಣಗಿದ ಎಲೆ, ಲದ್ದಿ. ಅಕ್ಕ ಅದನ್ನೇ ನೋಡುತ್ತ ಕೂತಳು.

ಕೆಳಗೆ ಕೆರೆಯಂಚಿನಲ್ಲಿ ಏಳೆಂಟು ಆನೆಗಳಿದ್ದವು. ಹಿಂದಿನವರಿಗೆ ಹಬ್ಬವೋ ಹಬ್ಬ.

"ಡ್ರೈವರ್, ಇಂಜಿನ್ ಆಫ್ ಮಾಡ್ರೀ! ಕ್ಯಾಮೆರಾ ಅಲ್ಲಾಡ್ತಿದೆ."

"ಆಗಲ್ಲ ಸಾರ್."

"ಅಷ್ಟು ದೂರದಿಂದ ಬಂದಿರೋದು ನಡುಗೋ ಆನೆ ಫೋಟೋ ತೆಗ್ಯೋಕಾ?"

"ಆಫ್ ಮಾಡಪ್ಪ," ಅಕ್ಕನೂ ಅಂದಳು. "ನಂಗೂ ಎರಡು ನಿಮಿಷ ಸದ್ದಿಲ್ದೆ ಕೂರ್ಬೇಕು."

ಅವನ ಕೈ ಕೀಲಿಯವರೆಗೆ ಹೋಗಿ ವಾಪಸ್ ಬಂತು. "ಬೇಡಕ್ಕ. ಆಮೇಲೆ ಸ್ಟಾರ್ಟ್ ಆಗ್ದೇ ಹೋದ್ರೆ?"

ಮಾತು ಜಾರಿ ಹೋಗಿತ್ತು. ಅಕ್ಕ ನಿಧಾನವಾಗಿ ಅವನ ಕಡೆ ತಿರುಗಿದಳು. ಜನ್ಮವಿಡೀ ಹೊಲಿಗೆ ಹಾಕಿ ಬಿಚ್ಚಿದವಳಿಗೆ, ಯಾವ ದಾರ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ ಎಂದು ಹೇಳಿಕೊಡಬೇಕಿಲ್ಲ.

"ಅವತ್ತು ಸ್ಟಾರ್ಟ್ ಆಗ್ಲಿಲ್ವಾ?"

ಅವನು ಮುಖ ತಿರುಗಿಸಲಿಲ್ಲ. ಇಂಜಿನ್ನಿನ ಸದ್ದಿನ ಮರೆಯಲ್ಲಿ, ಅವಳೊಬ್ಬಳಿಗೇ ಕೇಳುವಂತೆ ಹೇಳತೊಡಗಿದ.

"ಅವತ್ತೂ ಹಿಂಗೇ ಗಲಾಟೆ ಮಾಡಿದ್ರು ಅಂತ ಆಫ್ ಮಾಡ್ದೆ. ಬ್ಯಾಟರಿ ವೀಕಾಗಿತ್ತು. ಎಷ್ಟು ತಿರುಗಿಸಿದ್ರೂ ಬರೀ ಟಕ್ ಟಕ್. ಪಕ್ಕದ ಪೊದೆಯಿಂದ ಒಂಟಿ ಸಲಗ ಬಂತು. ಇಳಿದು ಒಂದು ತಳ್ಳು ಕೊಡೋ, ಇಳಿಜಾರಲ್ಲಿ ಇಂಜಿನ್ ಹಿಡ್ಕೊಳ್ಳುತ್ತೆ ಅಂದೆ. ಇಳಿಯಲ್ಲ ಅಂದ. ಹಿಂದೆ ಆರು ಜನ, ಅದ್ರಲ್ಲಿ ಎರಡು ಮಕ್ಕಳು, ಕಿರುಚ್ತಿದ್ರು. ಅವ್ರೆಲ್ಲಾ ಸತ್ರೆ ನೀನೇ ಹೊಣೆ ಅಂತ ಬೈದೆ. ಆಗ ಇಳಿದ. ತಳ್ಳಿದ. ಗಾಡಿ ಸ್ಟಾರ್ಟ್ ಆಯ್ತು. ನಿಲ್ಸಿದ್ರೆ ಮತ್ತೆ ಆಫ್ ಆಗುತ್ತೆ ಅಂತ... ನಾನು ನಿಲ್ಲಿಸ್ಲಿಲ್ಲ ಅಕ್ಕ."

"ಅವನು ಕೂಗಿದ್ನಾ?"

'ನೀನು ಹೋಗು ಅಂದ' ಎಂದಿದ್ದರೆ ಅವಳಿಗೂ ಸಮಾಧಾನ, ಇವನಿಗೂ ಬಿಡುಗಡೆ. ಐದು ತಿಂಗಳಿಂದ ಹಾಸಿಗೆಯಲ್ಲಿ ಹೊರಳಾಡುತ್ತ ಆ ಸುಳ್ಳನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ. ಈಗ ಅದು ಬಾಯಿಗೆ ಬರಲಿಲ್ಲ.

"ನಿಲ್ಸೋ ಅಂದ. ಎರಡು ಸಲ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೊಡೆಯಲಿ, ಉಗಿಯಲಿ, ಏನಾದರೂ ಮಾಡಲಿ ಎಂದು ಅವನು ಕಾದ. ಅವಳಿಗೆ ಅವನ ಗೊಡವೆಯೇ ಇರಲಿಲ್ಲ. "ಸುಮ್ಸುಮ್ನೆ ಬೈದ್ಬಿಟ್ನಲ್ಲೋ," ಅನ್ನುತ್ತಿದ್ದಳು ಅಂಗೈಯೊಳಗೆ. "ಇಷ್ಟು ದಿನ ಸುಮ್ಸುಮ್ನೆ ಬೈದ್ಬಿಟ್ನಲ್ಲೋ ನಿನ್ನ." ಹಿಂದಿನ ಸೀಟಿನಿಂದ ಒಬ್ಬಾಕೆ ಬಗ್ಗಿ, ಅವರಿಗೆ ವಾಂತಿ ಬರುತ್ತಿದೆಯೇ ಎಂದು ವಿಚಾರಿಸಿದಳು.

ವಾಪಸ್ ಬರುವ ದಾರಿಯಲ್ಲಿ ಅಕ್ಕ ಮುಖ ಒರೆಸಿಕೊಂಡು ಹೇಳಿದಳು, "ಆಫೀಸಿಗೆ ಹೋಗಿ ಹೇಳು. ತಪ್ಪು ಅವನದಲ್ಲ ಅಂತ ಆ ವರದೀಲಿ ಬರೀಬೇಕು. ಬರೆಯೋವರೆಗೂ ನಾನು ಈ ಸೀಟಿಂದ ಏಳಲ್ಲ."

"ಕೆಲ್ಸ ಹೋಗುತ್ತೆ ಅಕ್ಕ. ಜೈಲೂ ಆಗ್ಬಹುದು."

"ಆಗ್ಲಿ."

ಯಾಕೋ ಅವನಿಗೂ ಆಗಲಿ ಅನ್ನಿಸಿಬಿಟ್ಟಿತು. ಗೇಟಿನಲ್ಲಿ ಪ್ರವಾಸಿಗರನ್ನು ಇಳಿಸಿ, ಅವಳನ್ನು ಅಲ್ಲೇ ಬಿಟ್ಟು, ನೆಟ್ಟಗೆ ಕಚೇರಿಯ ಸಾಹೇಬರ ಕೋಣೆಗೆ ಹೋದ. ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಒದರಿದ. ಸಾಹೇಬರು ಹಾರಿಬೀಳುತ್ತಾರೆ, ಫೋನ್ ಎತ್ತುತ್ತಾರೆ ಎಂದು ಕಣ್ಣು ಮುಚ್ಚಿಕೊಂಡಿದ್ದ.

"ಬಾಗಿಲು ಹಾಕು," ಅಂದರು ಸಾಹೇಬರು.

ಹಾಕಿದ.

"ಆ ಆರು ಜನ ಅವತ್ತೇ ಹೇಳಿ ಹೋದ್ರು ಕಣಯ್ಯ, ಇದೇ ಕುರ್ಚೀಲಿ ಕೂತು. ಗೇಟಿನವನೂ ಇದ್ದ. ಮಾರನೇ ದಿನವೇ ಬ್ಯಾಟರಿ ಬದಲಾಯಿಸು ಅಂತ ಮೆಕ್ಯಾನಿಕ್‌ಗೆ ಹೇಳಿದ್ದು ಯಾರು ಅಂದ್ಕೊಂಡಿದ್ದೀಯ? ಗಾಡಿ ಕೆಟ್ಟಿತ್ತು ಅಂತ ಬರೆದ್ರೆ ಸಫಾರಿ ಮುಚ್ಚಿಸ್ತಾರೆ. ನೀನೂ ಇರಲ್ಲ, ನಾನೂ ಇರಲ್ಲ. ಸತ್ತವನಿಗೆ ಕೆಟ್ಟ ಹೆಸರು ಬಂದ್ರೆ ಏನಾಗುತ್ತೆ? ಹೋಗು, ಮುಂದಿನ ಸುತ್ತಿಗೆ ಜನ ಕಾಯ್ತಿದ್ದಾರೆ."

ಆ ಆರು ಜನ ಬಾಯಿ ಬಿಡದೆ ಊರಿಗೆ ಹೋದರೆಂದು ನಂಬಿ, ಐದು ತಿಂಗಳು ತಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದ ಗುಟ್ಟು ಗೇಟಿನ ತುಂಬ ಓಡಾಡಿಕೊಂಡಿತ್ತು.

ಹೊರಗೆ ಬಂದರೆ ಹೊಸಬರು ಆಗಲೇ ಜೀಪು ಹತ್ತಿ, ಕ್ಯಾಮೆರಾ ಒರೆಸುತ್ತ ಕೂತಿದ್ದರು. ಅಕ್ಕ ಮುಂದಿನ ಸೀಟಿನಲ್ಲೇ ಇದ್ದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

ಅವನು ಬಾನೆಟ್ಟಿಗೆ ಕೈ ಕೊಟ್ಟು ನಿಂತ. "ಗೊತ್ತಿತ್ತಂತೆ ಅಕ್ಕ. ಅವತ್ತಿನಿಂದ್ಲೂ. ಸಾಹೇಬ್ರಿಗೆ, ಗೇಟಿನವನಿಗೆ, ಮೆಕ್ಯಾನಿಕ್‌ಗೆ. ಎಲ್ರಿಗೂ."

ಅಕ್ಕ ಟಿಕೆಟ್ ಕಿಟಕಿಯತ್ತ, ಮೆಕ್ಯಾನಿಕ್ಕನ ಶೆಡ್ಡಿನತ್ತ, ಸಾಹೇಬರ ಮುಚ್ಚಿದ ಬಾಗಿಲಿನತ್ತ ಒಂದೊಂದಾಗಿ ನೋಡಿದಳು.

"ಹಾಗಾದ್ರೆ ಗೊತ್ತಿಲ್ದೇ ಇದ್ದಿದ್ದು ನನಗೊಬ್ಬಳಿಗೇ," ಅಂದಳು.