ಕಂಬದ ಮೇಲಿನ ಕಪ್ಪು ಬುಟ್ಟಿ

ಗಾಜಿನಾಚೆ ರೆಕಾರ್ಡಿಂಗ್ ಮಾಡುವ ಅಮೇಯನ ಕೈ ಮೇಲೆದ್ದು ನಿಂತಿದೆ, ಇನ್ನೇನು ಇಳಿಯುತ್ತದೆ, ಇಳಿದ ಕೂಡಲೇ ಓದಬೇಕು, ರೇಣುವಿಗೆ ಇದೇನು ಹೊಸದೇ, ಪುಣೆ ಕ್ಯಾಂಪಿನ ಈ ಸ್ಟುಡಿಯೋದಲ್ಲಿ ಕೂತು ಸಾಬೂನಿಗೂ ಸಿಮೆಂಟಿಗೂ ಕನ್ನಡದ ದನಿ ಕೊಟ್ಟೇ ಕೂದಲು ಬೆಳ್ಳಗಾಗಿದೆ, ಏಸಿ ಆರಿಸಿದ್ದಾರೆ, ಅದರ ಗುಂಯ್ ಅನ್ನುವ ಸದ್ದು ಮೈಕಿಗೆ ಆಗದು, ಬಳೆ ಬಿಚ್ಚಿ ಪರ್ಸಿನಲ್ಲಿಟ್ಟಿದ್ದಾಳೆ, ಬಳೆಯ ಸದ್ದೂ ಆಗದು, ಬೆವರು ಮಾತ್ರ ಸದ್ದಿಲ್ಲದೆ ಬೆನ್ನಿಗಿಳಿಯುತ್ತಿದೆ, ಪುಣೆಯಲ್ಲಿ ಇಂಥ ಉಪ್ಪುಬೆವರು ಅಪರೂಪ, ಇದು ಅವಳು ಚಿಕ್ಕವಳಿದ್ದಾಗ ಇದ್ದ ಕಡಲ ದಡದ ಊರಿನ ಬೆವರು — ಬೆಳಗಿನಿಂದ ಓದುತ್ತಿರುವುದೂ ಆ ಊರಿನದೇ, ಆ ಬಂದರಿನ ಮೇಲೆ ಎರಗಿದ ಬಿರುಗಾಳಿಗಳ ಚರಿತ್ರೆ, ಅಲ್ಲೊಂದು ಹೊಸ ಮ್ಯೂಸಿಯಂ ಆಗಿದೆಯಂತೆ, ನೋಡಲು ಬಂದವರ ಕಿವಿಗೆ ಇವಳ ದನಿ ಬೀಳಬೇಕಂತೆ. ಹಾಯಿಹಡಗಿನ ಕಾಲದ ಗಾಳಿ, ಗೋದಾಮಿನ ಹೆಂಚು ಹಾರಿಸಿ ಹತ್ತಿಯ ಹೊರೆಗಳನ್ನು ನೀರಿಗೆ ಚೆಲ್ಲಿದ್ದು, ಓದಿದಳು. ಆಮೇಲಿನದು, ಪೇಟೆಯ ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗಿಸಿದ್ದು, ಓದಿದಳು. ದೀಪಸ್ತಂಭದ ಗಾಜು ಒಡೆದದ್ದನ್ನೂ ತಡವರಿಸದೆ ಓದಿ ಮುಗಿಸಿದಳು. ಈಗ ಬಂದಿರುವುದು ಅವಳು ಲಂಗ ತೊಡುತ್ತಿದ್ದ ಕಾಲದ ಗಾಳಿ. ಹಾಳೆಯಲ್ಲಿ ಹೀಗಿದೆ, ಆ ಸಂಜೆ ಬಂದರಿನ ಗುಮಾಸ್ತನು ಅಪಾಯದ ಸಂಕೇತವನ್ನು ಇಳಿಸಿದನು, ದೋಣಿಗಳು ಕಡಲಿಗೆ ಹೊರಟವು. ಬಂದರಿನ ಗುಮಾಸ್ತ ಅಂತೆ. ಹೆಸರು ಹಾಕಿಲ್ಲ, ದೊಡ್ಡ ಉಪಕಾರ. ಗೂಳಪ್ಪ ಅಂತ ಹಾಕಬೇಕಿತ್ತು, ಧಾರವಾಡದ ಕಡೆಯವನು, ಈಜು ಬಾರದವನು, ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದವನು, ರೇಣುವಿನ ಅಪ್ಪ. ಕೈ ಇಳಿಯಿತು. ಅವಳು ಬಾಯಿ ತೆರೆಯಲಿಲ್ಲ.

ಬುಟ್ಟಿ ಅನ್ನುತ್ತಿದ್ದರು ಆ ಸಂಕೇತಕ್ಕೆ ಊರ ಮಕ್ಕಳೆಲ್ಲ, ಬೆತ್ತದ್ದು, ಮೇಲೆ ಕಪ್ಪು ಕ್ಯಾನ್ವಾಸು, ಬೋರಲು ಹಾಕಿದ ಚೂಪು ಬುಟ್ಟಿಯೇ ಸರಿ, ಗಾಳಿ ಬರುತ್ತದೆಂದು ಹವಾಮಾನ ಕಚೇರಿಯ ತಂತಿ ಬಂದರೆ ಅಪ್ಪ ಹಗ್ಗ ಜಗ್ಗಿ ಕಂಬದ ತುದಿಗೆ ಏರಿಸುತ್ತಿದ್ದ, ರಾಟೆ ಕಿರ್ ಅನ್ನುತ್ತಿತ್ತು, ಇಳಿಸು ಎಂದು ಇನ್ನೊಂದು ತಂತಿ ಬರುವ ತನಕ ಬುಟ್ಟಿ ಮುಟ್ಟುವ ಹಾಗಿಲ್ಲ, ದೋಣಿ ಕಡಲಿಗಿಳಿಯುವ ಹಾಗಿಲ್ಲ, ಆದರೆ ಏರಿಸುವ ತಂತಿಗೆ ಇದ್ದ ಅವಸರ ಇಳಿಸುವ ತಂತಿಗೆ ಎಲ್ಲಿಯದು, ಬಿಸಿಲು ಬಿದ್ದು ಆಕಾಶ ತೊಳೆದಿಟ್ಟ ಹಾಗಾದರೂ ಬುಟ್ಟಿ ಮೇಲೆಯೇ, ಅದರ ಮೇಲೆ ಕಾಗೆ, ಕೆಲವರು ನಗಾಡುತ್ತ ದೋಣಿ ಇಳಿಸಿದರು, ಏನೂ ಆಗಲಿಲ್ಲ, ಆಮೇಲೆ ಕತ್ತೆತ್ತಿ ನೋಡುವುದನ್ನೇ ಬಿಟ್ಟರು. ಬೆಸ್ತರ ಕೇರಿಯ ಇಂದೂಬಾಯಿಯ ಗಂಡನಂಥ ಕೆಲವರು ಮಾತ್ರ ಬುಟ್ಟಿಗೆ ಮರ್ಯಾದೆ ಕೊಟ್ಟು ದಡದಲ್ಲೇ ಬಲೆ ಹೊಲಿಯುತ್ತ ಕಾದರು. ಆ ಸಂಜೆ ಮತ್ತೊಂದು ತಂತಿ ಬಂತು, ಮೊದಲಿನದಕ್ಕಿಂತ ದೊಡ್ಡ ಗಾಳಿ, ತಕ್ಷಣ ಏರಿಸು ಅಂತ — ಏರಿಯೇ ಇರುವುದನ್ನು ಹೇಗೆ ಏರಿಸುವುದು? ಆ ಸಣ್ಣ ಬಂದರಿಗೆ ಇದ್ದದ್ದು ಅದೊಂದೇ ಬುಟ್ಟಿ. ಅಪ್ಪ ಕಂಬದ ಬುಡದಲ್ಲಿ ತಂತಿ ಹಿಡಿದು ನಿಂತ, ಪಕ್ಕದಲ್ಲಿ ರೇಣು, ನೋಡವಾ, ಸುಮ್ನ ನಿಂತದ್ದು ಯಾರ ಕಣ್ಣಿಗೂ ಬೀಳವಲ್ದು, ಇಳಿಸಿ ಏರಿಸಿದ್ರ ಅಲ್ಲಾಡತೈತಿ, ಅಲ್ಲಾಡಿದ್ರ ನೋಡ್ತಾರ, ಅಂದ, ಹಗ್ಗ ಬಿಟ್ಟ, ಬುಟ್ಟಿ ಇಳಿಯಿತು. ನೋಡಿದರು. ಅಷ್ಟು ದಿನ ಕಾದವರೆಲ್ಲ ಅಪಾಯ ಕಳೆಯಿತು, ಹೋ ಎಂದು ಕೂಗಿ ದೋಣಿಗಳ ಕಡೆ ಓಡಿದರು. ಅಪ್ಪ ಮತ್ತೆ ಜಗ್ಗಿದ, ಬುಟ್ಟಿ ಏರಿತು, ಇಳಿಸಿದ, ಏರಿಸಿದ, ಗಂಟಲು ಹರಿಯುವ ಹಾಗೆ ಕೂಗಿದ, ತೆರೆಯ ಸದ್ದಿಗೆ ಅವನ ದನಿ ಎಲ್ಲಿಯ ಲೆಕ್ಕ, ಕಂಬಕ್ಕೆ ಅವರೆಲ್ಲರ ಬೆನ್ನು. ದೋಣಿಗಳು ತಿರುಗಿ ಬರಲಿಲ್ಲ.

ಗಂಡನನ್ನು ಕಳೆದುಕೊಂಡ ಇಂದೂಬಾಯಿ ಸುಳ್ಳು ಹೇಳಲಿಲ್ಲ, ಅದೇ ಹೊಟ್ಟೆ ಉರಿಸುವುದು, ಇಳಿದದ್ದನ್ನು ಈ ಕಣ್ಣಿಂದ ಕಂಡೆ ಎಂದು ವಿಚಾರಣೆಗೆ ಬಂದ ಸಾಹೇಬರ ಮುಂದೆ ಎದೆ ಬಡಿದುಕೊಂಡು ಹೇಳಿದಳು, ಊರೆಲ್ಲ ಕಂಡಿತ್ತು, ಮತ್ತೆ ಏರಿದ್ದನ್ನು ಕಂಡವಳು ರೇಣು ಒಬ್ಬಳೇ, ಹೇಳಿದಳು, ಮಗಳಲ್ಲವೇ, ಅಪ್ಪನ ಪರ ಹೇಳದೆ ಏನು, ಅಂದರು. ನೌಕರಿ ಹೋಯಿತು, ಮಾವನ ಆಸರೆ ಹಿಡಿದು ಪುಣೆಯ ಪಕ್ಕದ ಪಿಂಪ್ರಿಗೆ ಬಂದದ್ದು, ಫ್ಯಾಕ್ಟರಿಯ ಗೇಟಿನಲ್ಲಿ ಅಪ್ಪ ಖಾಕಿ ತೊಟ್ಟು ನಿಂತದ್ದು, ಗಾಳಿ ಬೀಸಿದರೆ ಸಾಕು, ಸೈರನ್ನಿನ ಕಂಬ ನೋಡುತ್ತಿದ್ದ, ಸಾಯುವ ತನಕ ನೋಡಿದ. ನಿನ್ನೆ ಸಂಜೆ ಮೊಬೈಲಿಗೆ ಬಂದ ಈ ಬರಹವನ್ನು ಅವ್ವ ಕಲ್ಲವ್ವನಿಗೆ ಓದಿ ತೋರಿಸಿದಾಗ ಅವಳು ಅಳಲಿಲ್ಲ, ಸೊಪ್ಪು ಬಿಡಿಸುತ್ತಲೇ ಅಂದಳು, ಓದು, ಬ್ಯಾಡ ಅನ್ನಂಗಿಲ್ಲ, ಇಳಿಸಿದ್ದು ಖರೆ ಐತಿ, ಅರ್ಧಾ ಓದಿ ಮನಿಗೆ ಬರಬ್ಯಾಡ.

ಹೆಡ್‌ಫೋನಿನಲ್ಲಿ ಅಮೇಯ, ಮರಾಠಿಯಲ್ಲಿ, ಏನಾಯಿತು ರೇಣು ಅಕ್ಕಾ, ನೀರು ಬೇಕಾ? ಬೇಡ. ಕೈ ಎತ್ತಿದ, ಇಳಿಸಿದ. ಓದಿದಳು, ಗುಮಾಸ್ತನು ಅಪಾಯದ ಸಂಕೇತವನ್ನು ಇಳಿಸಿದನು, ಜನ ನೋಡಲೆಂದು ಮತ್ತೆ ಏರಿಸಿದನು. ಅಮೇಯನಿಗೆ ಕನ್ನಡ ಬಾರದು, ಆದರೆ ಸಾಲಿನ ಉದ್ದ ಗೊತ್ತಾಗುತ್ತದೆ, ಏನೋ ಹೆಚ್ಚಾಯಿತಲ್ಲ, ಅಂದ. ಹೆಚ್ಚಾಗಿಲ್ಲ, ಕಡಿಮೆ ಇತ್ತು, ಅಂದಳು. ಇದು ಮ್ಯೂಸಿಯಂನವರು ಪಾಸು ಮಾಡಿದ ಬರಹ, ಒಂದು ಅಕ್ಷರ ಮುಟ್ಟುವಂತಿಲ್ಲ, ಇದ್ದದ್ದನ್ನೇ ಓದಿ, ಅಂದ ಅಮೇಯ. ಮತ್ತೆ ಕೈ. ಇಳಿಸಿದನು, ಜನ ನೋಡಲೆಂದು ಮತ್ತೆ ಏರಿಸಿದನು. ಮತ್ತೆ. ಏರಿಸಿದನು. ಅವನಿಗೆ ಸಿಟ್ಟು ಬಂತು, ಬರಲಿ, ಇವಳಿಗೆ ಬಂದು ಎಷ್ಟು ವರ್ಷವಾಯಿತು, ಬೇರೆ ದನಿ ಕರೆಸಬೇಕಾಗುತ್ತದೆ, ಅಂದ. ಕರೆಸು ತಮ್ಮಾ, ಹಾಗಾದರೆ ಹಾಯಿಹಡಗಿನಿಂದ ಹಿಡಿದು ನನ್ನ ದನಿ ಪೂರಾ ಅಳಿಸು, ಆ ಊರಿನ ಗೋಡೆಯೊಳಗೆ ಕೂತು ನಮ್ಮಪ್ಪನ ಬಗ್ಗೆ ಅರ್ಧ ಮಾತು ಆಡುವವಳು ನಾನಲ್ಲ. ನಮ್ಮಪ್ಪ ಅಂದುಬಿಟ್ಟಳಲ್ಲ. ಅನ್ನಲಿ. ಗಾಜಿನಾಚೆ ಅಮೇಯ ಕುರ್ಚಿ ಮುಂದೆ ಎಳೆದುಕೊಂಡ, ಏರಿದ್ದನ್ನು ನೀವು ನೋಡಿದ್ದಿರಾ, ಎಂದು ಮೆಲ್ಲಗೆ ಕೇಳಿದ. ನೋಡೀನಿ, ಅಂದಳು, ಕನ್ನಡದಲ್ಲೇ ಅಂದಳು, ಅರ್ಥವಾಗಿರಬೇಕು, ಅವನು ಪೆನ್ನು ತೆಗೆದು ತನ್ನ ಪ್ರತಿಯಲ್ಲಿ ಏನೋ ಸೇರಿಸಿದ, ಕೆಂಪು ದೀಪ ಹತ್ತಿತು, ಕೈ ಮೇಲೆದ್ದಿತು, ಇಳಿಯಿತು — ಗುಮಾಸ್ತ ಗೂಳಪ್ಪನು ಅಪಾಯದ ಸಂಕೇತವನ್ನು ಇಳಿಸಿದನು, ಇಲ್ಲಿಗೆ ಉಸಿರು ತೆಗೆದುಕೊಳ್ಳಬೇಕು, ತೆಗೆದುಕೊಂಡಳು, ಜನ ನೋಡಲೆಂದು ಮತ್ತೆ ಏರಿಸಿದನು, ರಾಟೆ ಕಿರ್ ಅನ್ನುತ್ತಿದೆ, ಅಪ್ಪನ ಅಂಗೈ ಸುಲಿದಿದೆ, ದಡದ ತುಂಬ ಬೆನ್ನುಗಳು, ಬರೀ ಬೆನ್ನುಗಳು, ಅವುಗಳ ಹಿಂದೆ ಬುಟ್ಟಿ, ಕಪ್ಪು ಬುಟ್ಟಿ, ಏರುತ್ತಿದೆ, ನೋಡ್ರಿ, ಏರುತ್ತಿದೆ, ಕಪ್ಪು ಬುಟ್ಟಿ