ಎಂಟು ಗಂಟೆ ಎಂದ ಸುಳ್ಳು

ಶ್ರಾವ್ಯಾ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಬೆಳಿಗ್ಗೆ ಹತ್ತೂವರೆಗೆ ಅವ್ವ ದಾಕ್ಷಾಯಣಿಯ ಫೋನು ಬಂದಾಗ ಕೌಂಟರಿನ ಮುಂದೆ ಜನ ತುಂಬಿದ್ದರು.

"ನಿಮ್ಮಪ್ಪನ ಬಾಯಿ ಸೊಟ್ಟ ಆಗೇತವಾ, ಮಾತು ಹೊರಡವಲ್ದು. ದವಾಖಾನಿಗೆ ಹೊಂಟೇವಿ." ವಿಶಾಖಪಟ್ಟಣದ ಗಾಜುವಾಕದ ಟ್ರಾಫಿಕ್ಕಿನಲ್ಲಿ ಅವರ ಆಟೋ ಸಿಕ್ಕಿಕೊಂಡಿತ್ತು.

"ಯಾವಾಗ ಶುರುವಾತು?"

"ಐದೂವರಿಗೇ ಚಹಾದ ಲೋಟ ಕೈಯಿಂದ ಬಿತ್ತು. ಕೈ ಜೋಮು ಹಿಡದೇತಿ ಅಂತ ಮಲಕೊಂಡ್ರು. ನಾನೂ ಸುಮ್ನಾದೆ."

ಶ್ರಾವ್ಯಾ ಗಡಿಯಾರ ನೋಡಿದಳು: ಆಗಲೇ ಐದು ಗಂಟೆ ಕಳೆದಿತ್ತು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿದರೆ ಒಳಗೇ ರಕ್ತ ಸೋರುವ ಭಯ ಹೆಚ್ಚು. ಅವಳಿಗದು ಗೊತ್ತಿತ್ತು. ಆದರೆ ಅಪ್ಪ ಹಾಸಿಗೆ ಹಿಡಿದು ಬಿದ್ದಿರುವ ಚಿತ್ರವೇ ಕಣ್ಣಮುಂದೆ ನಿಂತುಬಿಟ್ಟಿತು.

"ಕೇಳಿದ್ರ ಎಂಟರ ತನಕ ಚಲೋ ಇದ್ರು ಅನ್ನು, ಅವ್ವಾ. ಐದೂವರಿ ಅನಬ್ಯಾಡ."

ಸಿಕ್ಕ ರೈಲು ಹತ್ತಿದಳು. ರಾಜಮಂಡ್ರಿ ದಾಟುವಾಗ ಮತ್ತೆ ಫೋನು. "ಇಂಜೆಕ್ಷನ್ ಕೊಟ್ರವಾ! ಬಲಗೈ ಎತ್ತಿದ್ರು, ನಿನ್ನ ಹೆಸರ ಹಿಡದು ಕರದ್ರು!" ಶ್ರಾವ್ಯಾ ಕಿಟಕಿಗೆ ಮುಖ ಆನಿಸಿ ಅತ್ತಳು.

ವಿಶಾಖಪಟ್ಟಣ ಮುಟ್ಟುವಷ್ಟರಲ್ಲಿ ಅಪ್ಪ ನಟರಾಜನಿಗೆ ತಲೆಸಿಡಿತ, ವಾಂತಿ ಆಗಿ ಪ್ರಜ್ಞೆ ತಪ್ಪಿತ್ತು. ಡಾಕ್ಟರ್ ದುರ್ಗಾಪ್ರಸಾದ್ ಹೊಸ ಸ್ಕ್ಯಾನ್ ತೋರಿಸಿದರು. ಮೆದುಳಿನ ಎಡಕ್ಕೆ, ರಕ್ತ ಸೋರಿದಲ್ಲಿ, ಅಂಗೈಯಗಲ ಬಿಳುಪು.

"ಸ್ಟ್ರೋಕಿನಿಂದ ಪೆಟ್ಟಾದ ಭಾಗ ದೊಡ್ಡದಿತ್ತಮ್ಮಾ," ಎಂದರು ತೆಲುಗಿನಲ್ಲಿ. "ವಯಸ್ಸಾಗಿದೆ, ಸಕ್ಕರೆ ಮುನ್ನೂರರ ಮೇಲಿತ್ತು, ಬಿಪಿ ಇಳಿಸಿ ಇಂಜೆಕ್ಷನ್ ಕೊಟ್ಟೆವು. ಟೈಮಾದರೂ ಸರಿಯಿದೆಯಲ್ಲ ಎಂದು ಧೈರ್ಯ ಮಾಡಿದೆ."

"ಟೈಮ್ ಸುಳ್ಳು ಸಾರ್. ಶುರುವಾದದ್ದು ಐದೂವರೆಗೆ. ನಾನೇ ಹಾಗೆ ಹೇಳಿಸಿದೆ."

ಡಾಕ್ಟರು ಅವಳನ್ನೇ ನೋಡಿದರು. "ಐದೂವರೆ ಎಂದಿದ್ದರೆ ಕೊಡುತ್ತಲೇ ಇರಲಿಲ್ಲ," ಎಂದಷ್ಟೇ ಹೇಳಿ ಕೇಸ್ ಶೀಟಿನಲ್ಲಿ ಬರೆದುಕೊಂಡರು.

ಹಿಂದೆ ನಿಂತಿದ್ದ ದಾಕ್ಷಾಯಣಿ ಮಗಳ ತೋಳು ಹಿಡಿದು ತನ್ನತ್ತ ತಿರುಗಿಸಿದಳು. "ಜಲ್ದಿ ನೋಡ್ಲಿ ಅಂತ ಹೇಳಸ್ತಿ ಅನಕೊಂಡಿದ್ದೆ... ನನ್ನ ಬಾಯಿಲೇ ಹೇಳಸಿದೆಲ್ಲ!"

ಮೂರನೆಯ ದಿನ ನಟರಾಜ ತೀರಿಕೊಂಡ. ಗದಗಿನಿಂದ ಬಂದ ನೆಂಟರಿಗೆ ದಾಕ್ಷಾಯಣಿ, "ಬಿಪಿ ಭಾಳ ಏರಿತ್ತು," ಎಂದಷ್ಟೇ ಹೇಳುತ್ತಿದ್ದಳು. ಮಗಳನ್ನು ಬಯ್ಯಲಿಲ್ಲ, ಮಾತಾಡಿಸಲೂ ಇಲ್ಲ.

ನೆಂಟರೆಲ್ಲ ಹೋದ ಮೇಲೆ ಶ್ರಾವ್ಯಾ ಕೇಳಿದಳು: "ನನ್ನ ಕೂಡ ವಿಜಯವಾಡಕ್ಕ ಬಾರವ್ವಾ."

ದಾಕ್ಷಾಯಣಿ ಗಂಡನ ಅಂಗಿಗಳನ್ನು ಮಡಚುತ್ತಲೇ ಇದ್ದಳು. "ನೀ ಹೋಗು," ಎಂದಳು.