ಭೂಮಿತಾಯಿಯ ಬರಿಗಾಲು

ನೆನೆದ ತಾಳೆಗರಿಯ ವಾಸನೆ ಬಂದರೆ ಎಲಾದಿಯಾಳಿಗೆ ಈಗಲೂ ಅವ್ವನ ಮಡಿಲೇ ನೆನಪಾಗುವುದು. ಗರಿ ಒಣಗಿ ಮುರಿಯದಿರಲೆಂದು ಅವ್ವ ತೇವದ ಗವಿಯೊಳಗೆ ಕೂತು ಟೋಪಿ ಹೆಣೆಯುತ್ತಿದ್ದಳು. ಇವತ್ತು ಆ ವಾಸನೆ ಓಹಾಕಾ ಬೆಟ್ಟಸೀಮೆಯ ಕೋರ್ಟಿನ ಪಡಸಾಲೆಗೆ ಬಂದಿತ್ತು. ಊರಿಂದ ಬಂದ ಮಿಸ್ತೆಕ್ ಮೂಲನಿವಾಸಿ ಜನ ಮಳೆಗೆ ತೊಯ್ದ ಟೋಪಿಗಳನ್ನು ಎದೆಗವಚಿಕೊಂಡು ಗೋಡೆಗೊತ್ತಿ ನಿಂತಿದ್ದರು.

“ಏ ಕಸದೋಳೇ, ಬೇಗ ಒರೆಸು! ರಾಜಧಾನಿಯಿಂದ ದೊಡ್ಡೋರು ಚಿತ್ರ ನೋಡೋಕೆ ಬಂದಿದಾರೆ. ಈ ಮುಂಡೇವು ನೆಲಾನೆಲ್ಲ ಕೆಸರು ಮಾಡಿಟ್ಟಿವೆ,” ಎಂದ ಕಾರ್ಯದರ್ಶಿ ಬಾರ್ರಾಗಾನ್.

ಎಲಾದಿಯಾ ಒರೆಸುತ್ತಲೇ ಗೋಡೆಯ ಹೊಸ ಚಿತ್ರವನ್ನು ಓರೆಗಣ್ಣಿನಿಂದ ನೋಡಿದಳು. ಆಳೆತ್ತರದ ದುಭಾಷಿ ನಿಕಾಂದ್ರಾ. ಕೆಂಪು ನೇಯ್ಗೆಯ ನಿಲುವಂಗಿ, ಬಾಯಿಂದ ಹೊರಟ ಬಣ್ಣದ ಸುರುಳಿ, ಬರಿಗಾಲು.

ಅವಳಿಗಿಂತ ಮೊದಲು ಹನ್ನೆರಡು ವರ್ಷ ಆ ದುಭಾಷಿ ಕೆಲಸ ಮಾಡಿದವಳು ಎಲಾದಿಯಾ, ಕೈಯಲ್ಲಿ ಬಕೀಟು ಹಿಡಿದೇ. “ಇವನೇನು ಬೊಗಳ್ತಾನೆ ಹೇಳು” ಎಂದು ಕರೆಯುತ್ತಿದ್ದರು. ಮುಗಿದ ಮೇಲೆ ಪಾಯಿಖಾನೆ ತೊಳೆಯಲು ಅಟ್ಟುತ್ತಿದ್ದರು. ಆಮೇಲೆ ತನ್ನದೇ ಊರಿನ, ತನ್ನನ್ನು ಚಿಕ್ಕಮ್ಮ ಎಂದೇ ಕರೆಯುವ ನಿಕಾಂದ್ರಾ ಓದಿಕೊಂಡು ಬಂದಳು. ಅವಳಿಗೆ ಕುರ್ಚಿ ಬಂತು. ಈಗ ಚಿತ್ರವೂ. ಸಾಕ್ಷಿಗೆ ಬಂದ ಮುದುಕರಿಗೆ ಮೊದಲು ನೀರು ಕೊಟ್ಟು ಕೂರಿಸುವುದನ್ನು ಆ ಹುಡುಗಿ ಕಲಿತದ್ದು ಯಾರಿಂದ? ಅದನ್ನು ಯಾವ ಚಿತ್ರಗಾರ ಬರೆದ?

ಬಾರ್ರಾಗಾನ್ ಅತಿಥಿಗಳಿಗೆ ಸ್ಪ್ಯಾನಿಷಿನಲ್ಲಿ ಚಿತ್ರ ವಿವರಿಸತೊಡಗಿದ. ಊರವರಿಗೆ ಅದನ್ನು ಮಿಸ್ತೆಕ್‌ನಲ್ಲಿ ಹೇಳುವುದು ನಿಕಾಂದ್ರಾಳ ಪಾಲು.

“ಬಾಯಿಂದ ಬರ್ತಿರೋದು ಧೂಪದ ಹೊಗೆ. ಇವರ ಭಕ್ತಿಯ ಗುರುತು.”

“ಧೂಪದ ಹೊಗೆಯಂತೆ ಕಣ್ರಪ್ಪ,” ಎಂದಳು ನಿಕಾಂದ್ರಾ.

ಊರಿನ ಗಡಿ ಬರೆದ ಹಳೆಯ ಬಟ್ಟೆಪಟದಲ್ಲಿ ಮಾತಾಡುವವರ ಬಾಯಿಗೆಲ್ಲ ಇದೇ ಸುರುಳಿ. ಒಬ್ಬ ಮುದುಕ ಟೋಪಿಯ ಮರೆಯಲ್ಲಿ ಗೊಣಗಿದ: “ಮಾತು ಕಣ್ಲಾ ಅದು, ಕತ್ತೆ ನನ್ಮಗನೆ!”

“ಬರಿಗಾಲು ಅಂದ್ರೆ ವಿನಯ. ಭೂಮಿತಾಯಿ ಜೊತೆ ಇವರಿಗಿರೋ ನಂಟು.”

ಎಲಾದಿಯಾಳ ಕೈ ನಿಂತಿತು. ಆ ಕೋರ್ಟಿನಲ್ಲಿ ಯಾರೂ ಚಪ್ಪಲಿ, ಬೂಟು ಬಿಚ್ಚುವುದಿಲ್ಲ. ಚಿತ್ರಗಾರ ನಿಕಾಂದ್ರಾಳನ್ನು ನೋಡಿ ಬರೆಯಲು ಬಂದ ದಿನ, ಅವಳು ಕೆಸರು ತುಳಿದು ಬರುತ್ತಿದ್ದಾಳೆಂದು ಒಳಗೆ ಹೋಗಿ ಚಾಡಿ ಹೇಳಿದವಳು ತಾನೇ. “ಚಪ್ಪಲಿ ಬಿಚ್ಚೇ, ದನ!” ಎಂದು ಬಾಗಿಲಲ್ಲಿ ತಡೆದವನು ಬಾರ್ರಾಗಾನ್. ಅವನ ಬೂಟಿಗೂ ಅಷ್ಟೇ ಕೆಸರಿತ್ತು. ಎಲಾದಿಯಾಳಿಗೆ ಅವತ್ತು ಹಾಲು ಕುಡಿದಷ್ಟು ಸಂತೋಷವಾಗಿತ್ತು.

ನಿಕಾಂದ್ರಾ ತಣ್ಣಗೆ ಊರವರಿಗೆ ಹೇಳಿದಳು: “ಬರಿಗಾಲು ಅಂದ್ರೆ ಭೂಮ್ತಾಯಿ ನಂಟಂತೆ. ನೆಲ ಕೊಳೆಯಾಯ್ತದೆ ಅಂತ ನನ್ ಚಪ್ಲಿ ಬಿಚ್ಚಿಸಿದ್ದು ಈ ಸೂಳೆಮಗನೇ.”

ಪಡಸಾಲೆಗೆ ಪಡಸಾಲೆಯೇ ಬಿದ್ದು ಬಿದ್ದು ನಕ್ಕಿತು.

ಬಾರ್ರಾಗಾನನ ಮುಖ ಕೆಂಪೇರಿತು. ಎರಡೂ ಭಾಷೆ ಬಲ್ಲವಳು ಅಲ್ಲಿ ಇನ್ನೊಬ್ಬಳೇ ಇದ್ದಳು.

“ಎಲಾದಿಯಾ, ಬಾಮ್ಮ ಇಲ್ಲಿ.” ಇಷ್ಟು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದ. ಕಿವಿಯ ಹತ್ತಿರ ಬಗ್ಗಿದ. “ಇವಳೇನಂದ್ಳು? ನಿಜ ಹೇಳು. ನಾಳೆಯಿಂದ ಆ ಕುರ್ಚಿ ನಿಂದು.”

ಎಲಾದಿಯಾ ಕುರ್ಚಿಯತ್ತ ನೋಡಿದಳು. ಬೇಕಿತ್ತು. ಹಸಿದವರಿಗೆ ರೊಟ್ಟಿ ಬೇಕಾದ ಹಾಗೆ ಬೇಕಿತ್ತು. ನಿಕಾಂದ್ರಾ ಕಣ್ಣು ತಗ್ಗಿಸಲಿಲ್ಲ, ಬೇಡಲೂ ಇಲ್ಲ. ಆ ಸೊಕ್ಕಿಗೂ ಎಲಾದಿಯಾಳಿಗೆ ಮತ್ಸರವಾಯಿತು.

ಅವಳು ಅತಿಥಿಗಳ ಕಡೆ ತಿರುಗಿ, ಗಟ್ಟಿಯಾಗಿ ಸ್ಪ್ಯಾನಿಷಿನಲ್ಲೇ ಹೇಳಿದಳು: “ಅವಳು ಭೂಮ್ತಾಯಿ ಅಂತಷ್ಟೇ ಅಂದಿದ್ದು. ಇವ್ರು ನಕ್ಕಿದ್ದು ನಾನು ಮಿಸ್ತೆಕ್‌ನಲ್ಲಿ ಗೊಣಗಿದ್ ಮಾತಿಗೆ. ಈ ಕಾಲು ಬರಿಗಾಲಾಗಿದ್ದು ವಿನಯಕ್ಕಲ್ಲ ಸ್ವಾಮಿ. ಚಾಡಿ ಹೇಳಿದೋಳು ನಾನು, ಚಪ್ಲಿ ಬಿಚ್ಚಿಸಿದೋನು ಈ ಸಾಹೇಬ. ಅವನ ಬೂಟು ಮಾತ್ರ ಕಾಲಲ್ಲೇ ಇತ್ತು.”

ಅತಿಥಿಗಳು ತಂತಮ್ಮ ಬೂಟು ನೋಡಿಕೊಂಡರು. ಕಾವಲಿನವನು ಎಲಾದಿಯಾಳ ರಟ್ಟೆ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ದಬ್ಬಿದ.

ಮಧ್ಯಾಹ್ನ ನಿಕಾಂದ್ರಾ ಹೊರಬಂದು ಅವಳ ಪಕ್ಕ ಕೂತಳು.

“ಚಾಡಿ ಹೇಳಿದ್ದು ನೀನಾ ಚಿಕ್ಕಮ್ಮ?”

“ಹೂಂ ಕಣೆ. ಹೊಟ್ಟೆಕಿಚ್ಚು. ಈಗ್ಲೂ ಐತೆ, ಹೋಗಿಲ್ಲ.”

ನಿಕಾಂದ್ರಾ ತನ್ನ ಬುತ್ತಿಯ ಬಟ್ಟೆ ಬಿಚ್ಚಿ, ಕಾಳಿಟ್ಟು ಸುತ್ತಿದ ಮೆಕ್ಕೆಜೋಳದ ರೊಟ್ಟಿಗಳಲ್ಲಿ ತನಗೆಂದು ಒಂದನ್ನೂ ಇಟ್ಟುಕೊಳ್ಳದೆ, ಅಷ್ಟನ್ನೂ ಚಿಕ್ಕಮ್ಮನ ಮಡಿಲಿಗೆ ಸರಿಸಿದಳು.